ಗೊಬ್ಬರದ ರಾಶಿಯೂ ಗಾಳಿಯ ಗಣಿತವೂ

ಕಸವನ್ನು ರಸವಾಗಿಸುವ ವಿದ್ಯೆಗೆ ಭಾರತದ ಎರಡು ನಗರಗಳು ಹೆಸರು ಕೊಟ್ಟಿವೆ. ಇಂದೂರಿನಲ್ಲಿ ಆಲ್ಬರ್ಟ್ ಹೋವರ್ಡ್ ಮತ್ತು ವೈ. ಡಿ. ವಾಡ್ ಅವರು ರೂಪಿಸಿ 1931ರಲ್ಲಿ ಪ್ರಕಟಿಸಿದ ಪದ್ಧತಿಯಲ್ಲಿ ರಾಶಿಯನ್ನು ಆಗಾಗ ಮಗುಚಬೇಕು. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ಎನ್. ಆಚಾರ್ಯರು ತಂದ ಪದ್ಧತಿಯಲ್ಲಿ ಗುಂಡಿಯನ್ನು ಮಣ್ಣಿನಿಂದ ಮುಚ್ಚಿ, ಮಗುಚದೆ ಮಾಗಿಸಬೇಕು.

ಈ ಭೇದವು ಕೇವಲ ಶ್ರಮಕ್ಕೆ ಸಂಬಂಧಿಸಿದುದಲ್ಲ. ಬಿಸಿಯಾದ ರಾಶಿಯನ್ನು ಮಗುಚಿದಾಗ ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಮೊದಲಾದ ಬೂಷ್ಟುಗಳ ಬೀಜಕಗಳು ಹೇರಳವಾಗಿ ಗಾಳಿಗೇರುತ್ತವೆ. ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಪಾಲಿನಷ್ಟೇ ಗಾತ್ರದ ಅವು ಶ್ವಾಸಕೋಶದ ಆಳವನ್ನು ಮುಟ್ಟಬಲ್ಲವು.

ಅವು ಎಷ್ಟು ದೂರ ಹೋಗುವುವು? 1932ರಲ್ಲಿ ಸಟ್ಟನ್ ಅವರು ಗಾಳಿಯ ಸುಳಿಗಳಿಂದಾಗುವ ಪ್ರಸರಣಕ್ಕೆ ಸೂತ್ರ ಕಟ್ಟಿದರು, 1945ರಲ್ಲಿ ಪಿ. ಎಚ್. ಗ್ರೆಗರಿಯವರು ಅದನ್ನು ಬೀಜಕಗಳಿಗೆ ಅನ್ವಯಿಸಿದರು. ಇಂದಿನ ಗಣಕ ಮಾದರಿಗಳು ಈ ವಂಶದವೇ. ಆದರೆ ಕಾರ್ಖಾನೆಯ ಹೊಗೆಯಂತೆ ಬೀಜಕಗಳು ಒಂದೇ ಸಮನೆ ಹೊರಡುವುದಿಲ್ಲ. ಮಗುಚುವ ಗಳಿಗೆಯಲ್ಲಿ ಥಟ್ಟನೆ ಏಳುತ್ತವೆ, ಕೆಲವು ಮುದ್ದೆಗಟ್ಟಿ ಬೇಗನೆ ಇಳಿಯುತ್ತವೆ. ಮೂಲದ ಪ್ರಮಾಣವೇ ಅನಿಶ್ಚಿತವಾದರೆ ಸೂತ್ರವೆಷ್ಟು ಸೂಕ್ಷ್ಮವಾದರೂ ಫಲ ಸಂದಿಗ್ಧ.

ಆದಕಾರಣ ಇಂಗ್ಲೆಂಡು ಅನುಸರಿಸಿದ 250 ಮೀಟರುಗಳ ಎಲ್ಲೆಯು ಎಚ್ಚರಿಕೆಯ ಗೆರೆಯೇ ಹೊರತು ನಿಸರ್ಗದ ಗೆರೆಯಲ್ಲ. ರಾಶಿಯ ಮೇಲೆಯೇ ನಿಂತು ಮಗುಚುವ ಕೂಲಿಕಾರನಿಗಂತೂ ಆ ಗೆರೆಯ ರಕ್ಷಣೆಯಿಲ್ಲ. ಅಳತೆಯು ಅವನ ಉಸಿರಿನಿಂದಲೇ ಮೊದಲಾಗಬೇಕು.