ಆ್ಯಂಟಿ ರೋಲ್ ಬಾರ್ ಆಯ್ಕೆ: ದಪ್ಪವೊಂದೇ ಮಾನದಂಡವಲ್ಲ

ಚಾಮರಾಜನಗರದಿಂದ ಹರದನಹಳ್ಳಿ ಮಾರ್ಗವಾಗಿ ಸತ್ಯಮಂಗಲದತ್ತ ಸಾಗುವ ಹೆದ್ದಾರಿಯು ಪುಣಜನೂರು, ಆಸನೂರುಗಳ ಕಾಡನ್ನು ಹಾದು, ದಿಂಬಂ ಘಟ್ಟದಲ್ಲಿ 27 ಕಡಿದಾದ ತಿರುವುಗಳನ್ನು ಇಳಿಯುತ್ತದೆ. ಬಯಲಿನ ನೇರ ರಸ್ತೆಯಲ್ಲಿ ಸ್ಥಿರವಾಗಿ ಓಡುವ ಕಾರು ಇಂತಹ ತಿರುವುಗಳಲ್ಲಿ ಹೊರಬದಿಗೆ ವಾಲುತ್ತದೆ. ಈ ವಾಲುವಿಕೆಗೆ ಕಡಿವಾಣ ಹಾಕುವ ಉಕ್ಕಿನ ಸರಳೇ ಆ್ಯಂಟಿ ರೋಲ್ ಬಾರ್. ಕಾರಿನ ಚುರುಕುತನ ಹೆಚ್ಚಿಸಬಯಸುವವರು ಇದನ್ನು ಬದಲಾಯಿಸುವುದುಂಟು. ಆದರೆ ಆಯ್ಕೆ ತಪ್ಪಿದಲ್ಲಿ ಕಾರು ಹತೋಟಿ ತಪ್ಪುವ ಅಪಾಯವೂ ಇದೆ.

ಕಾರ್ಯವಿಧಾನ

ಕೆನಡಾದ ಸ್ಟೀಫನ್ ಕೋಲ್ಮನ್ 1919ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಎಡ ಮತ್ತು ಬಲ ಚಕ್ರಗಳ ಸಸ್ಪೆನ್ಶನ್‌ಗಳನ್ನು ಜೋಡಿಸುವ ಈ ಬಾಗಿದ ಸರಳು, ಎರಡೂ ಚಕ್ರಗಳು ಒಟ್ಟಿಗೆ ಮೇಲೆದ್ದಾಗ ಬುಷ್‌ಗಳೊಳಗೆ ಸುಮ್ಮನೆ ತಿರುಗುತ್ತದೆ. ಒಂದು ಚಕ್ರ ಏರಿ ಇನ್ನೊಂದು ಇಳಿದಾಗ ಮಾತ್ರ ತಿರುಚಿಕೊಂಡು ವಾಲುವಿಕೆಯನ್ನು ತಡೆಯುತ್ತದೆ.

ತಿರುವಿನಲ್ಲಿ ಒಳಚಕ್ರಗಳಿಂದ ಹೊರಚಕ್ರಗಳಿಗೆ ವರ್ಗವಾಗುವ ಒಟ್ಟು ಭಾರವನ್ನು ಮುಖ್ಯವಾಗಿ ನಿರ್ಧರಿಸುವುದು ಕಾರಿನ ತೂಕ, ಗುರುತ್ವಕೇಂದ್ರದ ಎತ್ತರ, ಎಡ-ಬಲ ಚಕ್ರಗಳ ನಡುವಣ ಅಂತರ, ವೇಗ ಹಾಗೂ ತಿರುವಿನ ಕಡಿದುತನ. ಬಾರ್ ಈ ಭಾರವನ್ನು ಇಲ್ಲವಾಗಿಸದು. ಮುಂದಿನ ಮತ್ತು ಹಿಂದಿನ ಚಕ್ರಜೋಡಿಗಳ ನಡುವೆ ಅದು ಹಂಚಿಕೆಯಾಗುವ ಬಗೆಯನ್ನು ಬದಲಿಸುತ್ತದೆ. ಯಾವ ಬದಿಯ ಬಾರ್ ಬಿಗಿಯಾಯಿತೋ ಆ ಬದಿಯ ಹೊರಚಕ್ರಕ್ಕೆ ಹೆಚ್ಚು ಭಾರ ಬಿದ್ದು, ಅಲ್ಲಿ ಟಯರ್‌ಗಳ ಹಿಡಿತ ಬೇಗ ಸಡಿಲಗೊಳ್ಳುತ್ತದೆ.

ಆಯ್ಕೆಯ ಬಗೆ

ಆದ್ದರಿಂದ ಮೊದಲು ಗಮನಿಸಬೇಕಾದುದು ಕಾರಿನ ಯಾವ ಭಾಗ ಮೊದಲು ಜಾರುತ್ತದೆ ಎಂಬುದನ್ನು. ಮುಂಚಕ್ರ ಚಾಲನೆಯ ಕಾರುಗಳಲ್ಲಿ ಸಾಮಾನ್ಯವಾಗಿ ಮೂತಿಯೇ ತಿರುವಿನ ಹೊರಕ್ಕೆ ಸರಿಯುತ್ತದೆ. ಇದನ್ನು ಅಂಡರ್‌ಸ್ಟಿಯರ್ ಎನ್ನುತ್ತಾರೆ. ಇಲ್ಲಿ ಹಿಂದಿನ ಬಾರ್ ಬಿಗಿಗೊಳಿಸುವುದು ಪ್ರಯೋಜನಕಾರಿ. ಮುಂದಿನದನ್ನೇ ದಪ್ಪಗೊಳಿಸಿದರೆ ತೊಂದರೆ ಹೆಚ್ಚಬಹುದು. ಹಿಂದಿನದು ಅತಿಯಾದರೆ, ಮಳೆಯಲ್ಲಿ ತಿರುವಿನ ನಡುವೆ ಹಠಾತ್ತನೆ ಆ್ಯಕ್ಸಿಲರೇಟರ್ ಬಿಟ್ಟಾಗ ಹಿಂಭಾಗ ಜಾರಿ ಕಾರು ಗಿರಕಿ ಹೊಡೆದೀತು.

ದಪ್ಪದ ಲೆಕ್ಕವೂ ಮೋಸಗೊಳಿಸುವಂಥದ್ದು. ಸರಳಿನ ಬಿಗುವು ಅದರ ವ್ಯಾಸದ ನಾಲ್ಕನೇ ಘಾತಕ್ಕೆ ಅನುಗುಣವಾಗಿ ಏರುತ್ತದೆ. ಉಳಿದ ಅಳತೆಗಳು ಒಂದೇ ಆಗಿದ್ದು, 20 ಮಿ.ಮೀ. ಬಾರ್ ಬದಲು 22 ಮಿ.ಮೀ. ಬಾರ್ ಅಳವಡಿಸಿದರೆ ಬಿಗುವು ಸುಮಾರು ಶೇ. 46ರಷ್ಟು ಹೆಚ್ಚುತ್ತದೆ, 24 ಮಿ.ಮೀ. ಆದರೆ ಇಮ್ಮಡಿಗೂ ಮೀರುತ್ತದೆ. ಒಳವ್ಯಾಸವು ಹೊರವ್ಯಾಸದ ಅರ್ಧದಷ್ಟಿರುವ ಟೊಳ್ಳು ಬಾರ್‌ನಲ್ಲಿ ತೂಕ ಶೇ. 25ರಷ್ಟು ತಗ್ಗಿದರೂ ಬಿಗುವು ತಗ್ಗುವುದು ಶೇ. 6ರಷ್ಟು ಮಾತ್ರ. ತುದಿಯಲ್ಲಿ ಎರಡು-ಮೂರು ರಂಧ್ರಗಳಿರುವ ಬಾರ್‌ಗಳಲ್ಲಿ ಲಿಂಕ್ ರಾಡನ್ನು ತುದಿಯ ರಂಧ್ರಕ್ಕೆ ಜೋಡಿಸಿದರೆ ಮೆದು, ಒಳಗಿನದಕ್ಕೆ ಜೋಡಿಸಿದರೆ ಬಿಗಿ. ಮೊದಲ ಬಾರಿ ಬದಲಾಯಿಸುವವರಿಗೆ ಇದೇ ಸೂಕ್ತ. ಮೆದುವಾದ ಸ್ಥಾನದಿಂದಲೇ ಆರಂಭಿಸುವುದು ಒಳಿತು.

ಮಾರುತಿ ಸ್ವಿಫ್ಟ್, ಫೋಕ್ಸ್‌ವ್ಯಾಗನ್ ಪೋಲೊದಂತಹ ಕಾರುಗಳ ಹಿಂಬದಿಯಲ್ಲಿರುವ ಟಾರ್ಶನ್ ಬೀಮ್ ತಾನೇ ತಿರುಚಿಕೊಂಡು ಬಾರ್‌ನ ಕೆಲಸವನ್ನೂ ಭಾಗಶಃ ನಿರ್ವಹಿಸುತ್ತದೆ. ಹೀಗಾಗಿ ಆಯಾ ಮಾದರಿಗೆಂದೇ ತಯಾರಿಸಿದ ಬಾರ್ ಅನ್ನೇ ಆರಿಸಬೇಕು.

ಎಚ್ಚರಿಕೆಗಳು

ಬಿಗಿಯಾದ ಬಾರ್ ಒಂದು ಚಕ್ರದ ಗುಂಡಿಯ ಹೊಡೆತವನ್ನು ಇನ್ನೊಂದು ಚಕ್ರಕ್ಕೂ ದಾಟಿಸುತ್ತದೆ. ಒರಟು ಮಣ್ಣಿನ ಹಾದಿಯ ರ್‍ಯಾಲಿ ಕಾರುಗಳಲ್ಲಿ ಮೆದು ಬಾರ್‌ಗಳನ್ನು ಬಳಸಲು ಇದೇ ಕಾರಣ. ಹಳ್ಳಿ ರಸ್ತೆಗಳಲ್ಲೂ ಓಡಾಡುವವರು ಇದನ್ನು ನೆನಪಿಡಬೇಕು. ಸವೆದ ಟಯರ್, ಬುಷ್, ಲಿಂಕ್ ರಾಡ್‌ಗಳನ್ನು ಮೊದಲು ಬದಲಾಯಿಸಿದರೆ ಹೊಸ ಬಾರ್‌ನ ಅಗತ್ಯವೇ ಬಾರದಿರಬಹುದು.

ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತಹ ಮಾರ್ಪಾಡನ್ನು ನಿರ್ಬಂಧಿಸುತ್ತದೆ. ಅಳವಡಿಕೆಗೆ ಮುನ್ನ ಆರ್‌ಟಿಒ ಕಚೇರಿಯಲ್ಲೂ ವಿಮಾ ಕಂಪನಿಯಲ್ಲೂ ವಿಚಾರಿಸುವುದು ಸೂಕ್ತ. ಅಳವಡಿಸಿದ ನಂತರ ಕಾರಿನ ಹೊಸ ಸ್ವಭಾವವನ್ನು ಖಾಲಿ ಮೈದಾನದಲ್ಲಿ, ಕಡಿಮೆ ವೇಗದಲ್ಲಿ ಅರಿತ ಮೇಲಷ್ಟೇ ಘಟ್ಟ ಇಳಿಯಬೇಕು.