ಔಷಧದಾನ ಮತ್ತು ಲಸಿಕೆ: ಅರಕೊಠಾರದಿಂದ ಇಂದಿನವರೆಗೆ

ಗುಂಡ್ಲುಪೇಟೆ ತಾಲ್ಲೂಕಿನ ಹಿಮವದ್ ಗೋಪಾಲಸ್ವಾಮಿ ಬೆಟ್ಟವು ವರ್ಷದ ಬಹುಕಾಲ ಮಂಜಿನಿಂದ ಆವೃತವಾಗಿರುತ್ತದೆ. ಅದರ ದಕ್ಷಿಣಕ್ಕೆ ನೀಲಗಿರಿಯ ಸಾಲು, ಈಶಾನ್ಯದ ಬಯಲಿನಲ್ಲಿ ಚಾಮರಾಜನಗರ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಪುಣಿಸಮಯ್ಯನು ನೀಲಗಿರಿಯನ್ನು ಗೆದ್ದವನು. ಇಂದಿನ ಚಾಮರಾಜನಗರಕ್ಕೆ ಆಗ ಅರಕೊಠಾರವೆಂದು ಹೆಸರು. ಕ್ರಿ.ಶ. 1117ರಲ್ಲಿ ಆತನು ಅಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. ಅಲ್ಲಿಯ ಶಾಸನವು ಅವನ ಗೆಲುವುಗಳೊಡನೆ, ಕಾಲದೋಷದಿಂದ ಕೆಟ್ಟ ವ್ಯಾಪಾರಿಗೂ ಬಿತ್ತಲು ಬೀಜವಿಲ್ಲದ ಒಕ್ಕಲಿಗನಿಗೂ ಆತನು ನೆರವಾದುದನ್ನು ಸ್ಮರಿಸುತ್ತದೆ. ಅಶಕ್ತರ ರಕ್ಷಣೆಯು ಶ್ರಾವಕನ ಧರ್ಮವೆಂಬ ಅರಿವು ಈ ನೆಲಕ್ಕೆ ಹೊಸದಲ್ಲ.

ಇದೇ ಸೀಮೆಯ ಮಲೆಯೂರಿನ ಕನಕಗಿರಿಯು ಪೂಜ್ಯಪಾದಾಚಾರ್ಯರ ತಪೋಭೂಮಿಯೆಂಬ ಪ್ರತೀತಿಯಿದೆ. ವೈದ್ಯಶಾಸ್ತ್ರದಲ್ಲಿಯೂ ಅವರ ಹೆಸರು ದೊಡ್ಡದು. ಮುಂದೆ ಉಗ್ರಾದಿತ್ಯಾಚಾರ್ಯರು ‘ಕಲ್ಯಾಣಕಾರಕ’ವೆಂಬ ಸಂಸ್ಕೃತ ವೈದ್ಯಗ್ರಂಥವನ್ನು ರಚಿಸಿ, ಮದ್ದಿನಲ್ಲಿ ಮಾಂಸವನ್ನು ಬಳಸುವುದನ್ನು ನಿರಾಕರಿಸಿದರು. ಔಷಧವು ಯಾವುದರಿಂದ ಆದುದೆಂದು ಕೇಳುವುದು ಜೈನರಿಗೆ ಸಾವಿರ ವರ್ಷಗಳ ರೂಢಿ. ಆದರೆ ಹಾಗೆ ಕೇಳಿದವರು ಚಿಕಿತ್ಸೆಯನ್ನೇ ತೊರೆಯಲಿಲ್ಲ. ನಿರ್ದೋಷವಾದ ಮದ್ದನ್ನು ಹುಡುಕಿದರು.

ಆ ಪ್ರಶ್ನೆಯು ಲಸಿಕೆಯೊಡನೆ ಹೊಸ ರೂಪ ತಾಳಿತು. ಅರಿಕುಠಾರದಲ್ಲಿ ಜನಿಸಿದ ಮೈಸೂರಿನ ಖಾಸಾ ಚಾಮರಾಜ ಒಡೆಯರು 1796ರಲ್ಲಿ ಸಿಡುಬಿನಿಂದ ತೀರಿಕೊಂಡರು. 1818ರಲ್ಲಿ ಮಗ ಮುಮ್ಮಡಿ ಕೃಷ್ಣರಾಜ ಒಡೆಯರು ಆ ಊರಿಗೆ ತಂದೆಯ ಹೆಸರನ್ನಿಟ್ಟರು. ಈ ನಡುವೆ, 1802ರಲ್ಲಿ, ಸಿಡುಬಿನ ಲಸಿಕೆಯು ಮುಂಬಯಿಗೆ ಬಂದಿತ್ತು. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಬರೆದ ಚಿತ್ರವೊಂದರಲ್ಲಿ ಮೂವರು ರಾಜಸ್ತ್ರೀಯರಿದ್ದಾರೆ; ಒಬ್ಬ ಕಿರಿಯ ರಾಣಿ ಸೆರಗನ್ನು ಸರಿಸಿ ತೋಳನ್ನು ತೋರಿಸಿದ್ದಾಳೆ. ಅದು ಲಸಿಕೆ ಹಾಕಿಸಿಕೊಂಡ ಸ್ಥಳವೆಂದೂ, ಪ್ರಜೆಗಳ ಅಂಜಿಕೆಯನ್ನು ಕಳೆಯಲೆಂದೇ ಚಿತ್ರವಾಯಿತೆಂದೂ ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅವರ ಅಭಿಪ್ರಾಯ. ಸಾವನ್ನು ಕಂಡ ಮನೆತನವೇ ಮೊದಲು ತೋಳು ಚಾಚಿತು.

ಆಗ ಲಸಿಕೆಯನ್ನು ಒಬ್ಬರ ತೋಳಿನಿಂದ ಮತ್ತೊಬ್ಬರ ತೋಳಿಗೆ ದಾಟಿಸುತ್ತಿದ್ದರು. ಮುಂದೆ ಅದನ್ನು ಕರುಗಳ ಚರ್ಮದ ಮೇಲೆ ಬೆಳೆಸತೊಡಗಿದರು. ಕರುವಿಗೆ ನೋವಾಗುವುದೆಂಬ ಆಕ್ಷೇಪವು ಹುಸಿಯಲ್ಲ. 1980ರಲ್ಲಿ ಸಿಡುಬು ಭೂಮಿಯಿಂದ ಅಳಿಯಿತೆಂದು ಘೋಷಿತವಾಯಿತು. ಸಾರ್ವಜನಿಕ ಲಸಿಕೆಯೂ ಅದಕ್ಕಾಗಿ ಕರುಗಳು ಪಡುತ್ತಿದ್ದ ನೋವೂ ನಿಂತವು.

ಇನ್‌ಫ್ಲುಯೆಂಜಾದ ಸ್ವಭಾವ ಬೇರೆ. 1918ರಲ್ಲಿ ಭಾರತದಲ್ಲಿ ಒಂದು ಕೋಟಿಗೂ ಮಿಗಿಲಾದ ಜನರನ್ನು ಬಲಿ ಪಡೆದ ಈ ವ್ಯಾಧಿಯ ವೈರಾಣು ರೂಪವನ್ನು ಬದಲಿಸುತ್ತಲೇ ಇರುತ್ತದೆ. ಆದುದರಿಂದ ಲಸಿಕೆಯನ್ನು ಪ್ರತಿವರ್ಷ ಪಡೆಯಬೇಕು. ವೃದ್ಧರು, ಗರ್ಭಿಣಿಯರು, ಐದು ವರ್ಷದೊಳಗಿನ ಮಕ್ಕಳು, ಹೃದಯ, ಶ್ವಾಸಕೋಶ, ಮೂತ್ರಪಿಂಡದ ರೋಗಿಗಳು, ಮಧುಮೇಹಿಗಳು ಹೆಚ್ಚು ಅಪಾಯಕ್ಕೆ ಒಳಗಾಗುವರು. ಆರು ತಿಂಗಳು ತುಂಬದ ಶಿಶುವಿಗೆ ಈ ಲಸಿಕೆಯಿಲ್ಲ; ತಾಯಿ ಬಸುರಿನಲ್ಲಿ ಪಡೆದ ಲಸಿಕೆಯೇ ಅದಕ್ಕೆ ರಕ್ಷೆ. ಲಸಿಕೆಯು ರೋಗವನ್ನು ಪೂರ್ಣವಾಗಿ ತಡೆಯಲಾರದು. ಉಲ್ಬಣವನ್ನೂ ಮರಣವನ್ನೂ ತಗ್ಗಿಸುತ್ತದೆ.

ಆದರೆ ಈ ಲಸಿಕೆಯು ಬಹುಪಾಲು ಭ್ರೂಣವಿರುವ ಕೋಳಿಮೊಟ್ಟೆಯಲ್ಲಿ ತಯಾರಾಗುತ್ತದೆ. ಇದನ್ನು ಮುಚ್ಚಿಡುವುದು ಸತ್ಯಾಣುವ್ರತಕ್ಕೆ ಸಲ್ಲದು. ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ತ್ಯಜಿಸಬೇಕು. ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳನ್ನು ಯತ್ನಾಚಾರದಿಂದ ಕನಿಷ್ಠಗೊಳಿಸಬೇಕು. ಮೊಟ್ಟೆಯ ಲಸಿಕೆ ಇವುಗಳಲ್ಲಿ ಯಾವುದಕ್ಕೆ ಸೇರುವುದೆಂಬುದರಲ್ಲಿ ಶ್ರಾವಕರು ಏಕಾಭಿಪ್ರಾಯಕ್ಕೆ ಬರಲಾರರು. ಆದರೂ ಎರಡು ಮಾತು ನಿಶ್ಚಿತ. ಸ್ವಂತ ವ್ರತಕ್ಕಾಗಿ ಲಸಿಕೆಯನ್ನು ಬಿಡುವವನು ತನ್ನಿಂದ ಮನೆಯ ಮುದುಕರಿಗೂ ಶಿಶುವಿಗೂ ರೋಗ ತಗಲುವ ಹಿಂಸೆಯನ್ನು ಲೆಕ್ಕದಿಂದ ಬಿಡುವಂತಿಲ್ಲ. ಲಸಿಕೆಯನ್ನು ಪಡೆಯುವವನು ಅದರ ಹಿಂಸಾಂಶವನ್ನು ಮರೆಯುವಂತಿಲ್ಲ. ಪ್ರಯೋಗಾಲಯದ ಜೀವಕೋಶಗಳಲ್ಲಿ, ಮೊಟ್ಟೆಯಿಲ್ಲದೆ ತಯಾರಾದ ಲಸಿಕೆಗಳಿಗೆ ಅಮೆರಿಕವು 2012 ಮತ್ತು 2013ರಲ್ಲಿ ಅನುಮತಿ ನೀಡಿತು. ಅಂಥವನ್ನು ಇಲ್ಲಿಯೂ ಬೇಡುವುದು ಉಗ್ರಾದಿತ್ಯರ ಹಾದಿಯೇ ಆಗಿದೆ.

ಚಾತುರ್ಮಾಸವೂ ಮಳೆಗಾಲದ ಜ್ವರದ ಕಾಲವೂ ಒಂದೇ. ಪ್ರವಚನಕ್ಕೆ ಬಸದಿಯಲ್ಲಿ ಒತ್ತಾಗಿ ಕುಳಿತುಕೊಳ್ಳುವವರಲ್ಲಿ ವಯೋವೃದ್ಧರೇ ಅಧಿಕ. ಲಸಿಕೆಯು ಫಲಿಸಲು ಸುಮಾರು ಎರಡು ವಾರ ಬೇಕು. ಆದುದರಿಂದ ಬಸದಿಗಳ ಟ್ರಸ್ಟುಗಳು ಆಷಾಢಕ್ಕೆ ಮೊದಲೇ ವೈದ್ಯರನ್ನು ಕರೆಯಿಸಿ, ಲಸಿಕೆಯ ಗುಣವನ್ನೂ ಮೂಲವನ್ನೂ ಬಿಚ್ಚಿ ಹೇಳಿಸಿ, ಒಪ್ಪಿದವರಿಗೆ ಹಾಕಿಸುವ ವ್ಯವಸ್ಥೆ ಮಾಡುವುದು ಯುಕ್ತ. ಆಹಾರ, ಅಭಯ, ಔಷಧ, ಶಾಸ್ತ್ರವೆಂಬ ನಾಲ್ಕು ದಾನಗಳಲ್ಲಿ ಮೂರು ಆ ಒಂದು ದಿನದಲ್ಲಿ ಕೂಡಿಬರುತ್ತವೆ.