ದುಪ್ಪಟ್ಟು ಕೊಟ್ಟರು, ಸರಿ. ತಗೊಂಡಿದ್ದೆಷ್ಟು? ಅಮೆರಿಕದ ಸ್ಟ್ಯಾಂಡರ್ಡ್ ಡಿಡಕ್ಷನ್ ಕಥೆ

ಜುಲೈ ಬಂತಂದ್ರೆ ಪುಣೆ, ಚೆನ್ನೈ, ದೆಹಲಿ ಎಲ್ಲೇ ಇರಲಿ, ಆಫೀಸಲ್ಲಿ ಒಂದೇ ಮಾತು: ಹಳೇ ರಿಜೀಮಾ, ಹೊಸಾ ರಿಜೀಮಾ? ಅಮೆರಿಕದವರು ಇಂಥದ್ದೇ ಒಂದು ಲೆಕ್ಕವನ್ನ 1944ರಿಂದ ಹಾಕ್ತಾ ಇದ್ದಾರೆ. ಇವತ್ತು ಅದರ ಕಥೆ.

ಅಲ್ಲಿ ದಾರಿ ಎರಡು. ಮನೆ ಸಾಲದ ಬಡ್ಡಿ, ರಾಜ್ಯಕ್ಕೆ ಕಟ್ಟಿದ ತೆರಿಗೆ, ದಾನಧರ್ಮ, ಇವನ್ನೆಲ್ಲ ಒಂದೊಂದಾಗಿ ಪಟ್ಟಿ ಮಾಡಿ ಆದಾಯದಿಂದ ಕಳೆಯೋದು ಐಟಮೈಸ್ಡ್. ಪಟ್ಟಿಯ ತಲೆನೋವೇ ಬೇಡ ಅಂತ ಸರ್ಕಾರ ಹೇಳಿದ ಮೊತ್ತವನ್ನ ಸೀದಾ ಕಳೆಯೋದು ಸ್ಟ್ಯಾಂಡರ್ಡ್. ಎರಡರಲ್ಲಿ ಒಂದೇ.

1913ರಲ್ಲಿ ಶುರುವಾದಾಗ ಆದಾಯ ತೆರಿಗೆ ಶ್ರೀಮಂತರ ತಲೆನೋವಾಗಿತ್ತು. ಎರಡನೇ ಮಹಾಯುದ್ಧ ಅದನ್ನ ಬದಲಾಯಿಸ್ತು. 1939ರಲ್ಲಿ ಸುಮಾರು 40 ಲಕ್ಷ ಇದ್ದ ತೆರಿಗೆದಾರರು 1945ರ ಹೊತ್ತಿಗೆ 4 ಕೋಟಿ ದಾಟಿದರು. ಕಾರ್ಖಾನೆ ಕೆಲಸಗಾರ ಚರ್ಚಿಗೆ ಹಾಕಿದ ಕಾಣಿಕೆಯ ಲೆಕ್ಕ ನೋಡೋದಕ್ಕೆ ಯಾವ ಇಲಾಖೆಗೆ ಪುರುಸೊತ್ತು? ಅದಕ್ಕೇ 1944ರ ಕಾನೂನು ಹೇಳಿತು: ಆದಾಯದ ಶೇ. 10ರಷ್ಟು, ಹೆಚ್ಚಂದ್ರೆ 500 ಡಾಲರ್, ರಸೀದಿ ಇಲ್ಲದೇ ಕಳ್ಕೊಳ್ಳಿ. ಅಂದ್ರೆ ಇದು ಹುಟ್ಟಿದ್ದು ಔದಾರ್ಯಕ್ಕಿಂತ ಹೆಚ್ಚಾಗಿ ಕಾಗದದ ಕೆಲಸ ತಪ್ಪಿಸೋಕೆ.

ಯುದ್ಧ ಮುಗಿದ ಮೇಲೆ ಸಂಬಳ ಏರಿತು, ಸಾಲ ಮಾಡಿ ಮನೆ ಕೊಳ್ಳೋರು ಹೆಚ್ಚಾದರು, ಈ ಮಿತಿ ಮಾತ್ರ ಹಿಂದೆ ಉಳೀತು. 1960ರ ದಶಕದ ಕೊನೆಗೆ ಹತ್ತಿರ ಹತ್ತಿರ ಅರ್ಧ ಜನ ಮತ್ತೆ ಪಟ್ಟಿ ಮಾಡ್ತಿದ್ರು. 1986ರ ಸುಧಾರಣೆ ಕ್ರೆಡಿಟ್ ಕಾರ್ಡ್ ಬಡ್ಡಿಯ ವಿನಾಯಿತಿ ತೆಗೆದು, ಮನೆ ಸಾಲದ್ದನ್ನ ಉಳಿಸಿತು. ಜನ ಏನು ಮಾಡಿದ್ರು? ಮನೆ ಅಡವಿಟ್ಟು ಕಾರು ಕೊಂಡರು!

ಈಗ 2017ರ ಡಿಸೆಂಬರ್. ಟ್ರಂಪ್ ಸಹಿ ಹಾಕಿದ ಕಾನೂನು ದಂಪತಿಯ ಸ್ಟ್ಯಾಂಡರ್ಡ್ ಡಿಡಕ್ಷನ್ನನ್ನ 12,700ರಿಂದ 24,000 ಡಾಲರ್‌ಗೆ ಏರಿಸಿತು. ಹೆಚ್ಚುಕಡಿಮೆ ದುಪ್ಪಟ್ಟು. ಆದ್ರೆ ಅದೇ ಕಾನೂನು ತಲೆಗೆ 4,050 ಡಾಲರಿನ ವೈಯಕ್ತಿಕ ವಿನಾಯಿತಿಯನ್ನ ಸೊನ್ನೆ ಮಾಡಿತು. ಗಂಡ, ಹೆಂಡತಿ, ಇಬ್ಬರು ಮಕ್ಕಳು ಅಂತಿಟ್ಕೊಳ್ಳಿ. ಹಿಂದೆ 12,700 ಜೊತೆಗೆ 16,200, ಒಟ್ಟು 28,900. ಈಗ 24,000. ಕೂಡಿ ನೋಡಿದ್ರೆ ಕಮ್ಮೀನೇ! ತೆರಿಗೆ ದರ ಇಳೀತು, ಮಕ್ಕಳ ಕ್ರೆಡಿಟ್ 1,000ದಿಂದ 2,000 ಆಯ್ತು, ಹಾಗಾಗಿ ಬಹಳಷ್ಟು ಮನೆಗಳಿಗೆ ನಷ್ಟ ಆಗ್ಲಿಲ್ಲ, ನಿಜ. ಆದ್ರೆ ಭಾಷಣದಲ್ಲಿ ಕೇಳಿಸಿದ್ದು 'ದುಪ್ಪಟ್ಟು' ಮಾತ್ರ.

ರಾಜ್ಯ ಮತ್ತು ಸ್ಥಳೀಯ ತೆರಿಗೆಯ ಕಡಿತಕ್ಕೂ 10,000 ಡಾಲರ್ ಮಿತಿ ಬಿತ್ತು. ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾದಲ್ಲಿ ಸ್ವಂತ ಮನೆ ಮಾಡಿದೋರಿಗೆ ಅದು ಜೋರಾಗೇ ತಟ್ಟಿತು, ನಮ್ಮ ಕನ್ನಡದವರೂ ಅವರಲ್ಲಿದ್ದಾರೆ. ಪಟ್ಟಿ ಮಾಡೋರು ಸುಮಾರು ಶೇ. 30ರಿಂದ 10ಕ್ಕೆ ಇಳಿದರು. 2025ರ ಕಾನೂನು ಆ ಮಿತಿಯನ್ನ 40,000ಕ್ಕೆ ಏರಿಸಿದೆ, ಆದ್ರೆ 2030ಕ್ಕೆ ಮತ್ತೆ 10,000. ದಂಪತಿಯ ಸ್ಟ್ಯಾಂಡರ್ಡ್ 2025ಕ್ಕೆ 31,500. ಹಾಗಾಗಿ 2018ರಲ್ಲಿ ಪಟ್ಟಿ ಬಿಟ್ಟವರು ಈಗ ಮತ್ತೊಮ್ಮೆ ಕೂಡಿಸಿ ನೋಡಬೇಕು.

ಮಕ್ಕಳನ್ನ ಅಲ್ಲಿ ಓದೋಕೆ ಕಳಿಸಿದೋರಿಗೆ ಒಂದು ಮಾತು. ತೆರಿಗೆ ಲೆಕ್ಕದಲ್ಲಿ ಅನಿವಾಸಿಗಳಾದ ವಿದೇಶಿಯರಿಗೆ ಸಾಮಾನ್ಯವಾಗಿ ಸ್ಟ್ಯಾಂಡರ್ಡ್ ಡಿಡಕ್ಷನ್ ಇಲ್ಲ. ಆದ್ರೆ 1989ರ ಭಾರತ-ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿ ಭಾರತದಿಂದ ಹೋದ ವಿದ್ಯಾರ್ಥಿಗಳಿಗೆ ಅದನ್ನ ಕೊಡುತ್ತೆ. ಕ್ಯಾಂಪಸ್ಸಲ್ಲಿ ಸಣ್ಣ ಕೆಲಸ ಮಾಡೋ ಮಗ, ಮಗಳು ಇದ್ರೆ ಫೋನಲ್ಲಿ ಊಟ ಆಯ್ತಾ ಅಂತ ಕೇಳಿದ ಮೇಲೆ ಇದನ್ನೂ ಕೇಳಿ.